ಗುಡುಗು ಬಂದ್ರೆ ಸ್ಟೀಮ್ ಲಾಗಿನ್ ಆಗಲ್ಲ (ಹಳೇ ಪಿಸಿ ಲಾಗ್, ಭಾಗ 4)

ಜೂನ್ 14, ಶನಿವಾರ

ಹೋದ ಭಾಗದಲ್ಲಿ "ಪಿಸಿ ರೆಡಿ, ಇನ್ನೇನಿದ್ರೂ ಆಡೋದಷ್ಟೇ" ಅಂತ ಬರ್ದಿದ್ನಲ್ಲ, ಆ ಮಾತು ವಾಪಸ್ ತಗೊಂಡೆ. ಹೊಸದಾಗಿ ಓದ್ತಿರೋರಿಗೆ ಹೇಳ್ಬಿಡ್ತೀನಿ: ಐ5 4460, ಎಚ್81 ಬೋರ್ಡು, 16 ಜಿಬಿ ರ‍್ಯಾಮ್, ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ, ವಿಂಡೋಸ್ 10. ಬೆಂಗ್ಳೂರ್ ರೂಮ್ ಖಾಲಿ ಮಾಡ್ದಾಗ ಶಿರಸಿ ಹತ್ರ ಇರೋ ನಮ್ಮನೆಗೆ ತಂದಿಟ್ಟಿದ್ದು, ಮೂರು ವರ್ಷ ಗೋಣಿಚೀಲ ಹೊದ್ಕೊಂಡು ಅಟ್ಟದ ಮೇಲೆ ಮಲ್ಗಿತ್ತು. ಉದ್ದೇಶ ದೊಡ್ಡದೇನಲ್ಲ, ಭಾನುವಾರ ರಾತ್ರಿ ಹಾಸ್ಟೆಲ್ ಕಾಲದ ನಾಲ್ಕು ಜನ ಸೇರಿ ಲೆಫ್ಟ್ ಫೋರ್ ಡೆಡ್ 2 ಆಡೋದು. 2009ರ ಗೇಮು, ಈ ಪಿಸಿಗೆ ಅದು ನೀರು ಕುಡ್ದಂಗೆ.

ಗುರುವಾರ ಇಂಟರ್ನೆಟ್ ಕೊಡೋ ಲೋಕಲ್ ಆಪರೇಟರ್ ಕಡೆ ಹುಡ್ಗ ಬಂದು ಫೈಬರ್‌ಗೆ ಹೊಸ ಬಾಕ್ಸ್ ಹಾಕಿ ಹೋದ, ಹಳೇದು ಸಿಡಿಲಿಗೆ ಹೋಗಿತ್ತು. ಇವತ್ತು ಸಂಜೆ ಸ್ಟೀಮ್ (ಪಿಸಿ ಗೇಮ್ ಕೊಂಡು, ಇಳಿಸ್ಕೊಂಡು ಆಡೋ ಆಪ್) ತೆಗೆದ್ರೆ ಚಕ್ರ ತಿರುಗ್ತಾನೇ ಇದೆ, ತಿರುಗ್ತಾನೇ ಇದೆ, ಸುಮಾರು ಒಂದ್ ನಿಮಿಷ ಆದ್ಮೇಲೆ ಸೈನ್ ಇನ್ ಮಾಡೋವಾಗ ಏನೋ ತಪ್ಪಾಯ್ತು ಆಮೇಲೆ ಟ್ರೈ ಮಾಡಿ ಅನ್ನೋ ಮೆಸೇಜು. ಅದೇ ವೈಫೈಯಲ್ಲಿ ಫೋನಲ್ಲಿ ಯೂಟ್ಯೂಬ್ ಬೆಣ್ಣೆ ತರ ಓಡ್ತಿದೆ. ಹಾಗಾಗಿ ನೆಟ್ ಸರಿ ಇದೆ, ಪಿಸಿದೇ ಏನೋ ಅಂತ ತೀರ್ಮಾನ ಮಾಡ್ದೆ (ತಪ್ಪು ತೀರ್ಮಾನ ನಂಬರ್ 1).

ಫೋನಲ್ಲಿ ವಿಡಿಯೋ ನೋಡ್ಕೊಂಡು ಅದ್ರಲ್ಲಿ ಹೇಳಿದ್ದೆಲ್ಲ ಮಾಡ್ದೆ. ರೂಟರ್ ಆಫ್ ಆನ್, ಡಿಎನ್‌ಎಸ್ 1.1.1.1ಗೆ ಬದಲಾವಣೆ, ಡಿಎನ್‌ಎಸ್ ಫ್ಲಶ್, ವಿನ್‌ಸಾಕ್ ರೀಸೆಟ್, ಫೈರ್‌ವಾಲ್ ಆಫ್. ಆಮೇಲೆ ಒಂದು ಮಹಾ ಮೂರ್ಖ ಕೆಲ್ಸ, ಡೌನ್‌ಲೋಡ್ ಕ್ಯಾಶ್ ಕ್ಲಿಯರ್. ಅದನ್ನ ಮಾಡಿದ್ರೆ ಸ್ಟೀಮ್ ಲಾಗೌಟ್ ಆಗುತ್ತೆ ಅಂತ ಅಲ್ಲೇ ಬರ್ದಿರುತ್ತೆ, ಓದದೆ ಓಕೆ ಒತ್ತಿದೆ. ಅಲ್ಲೀವರೆಗೆ ಆಫ್‌ಲೈನ್ ಮೋಡಾದ್ರೂ ಇತ್ತು, ಈಗ ಅದೂ ಹೋಯ್ತು. ಲಾಗಿನ್ ಆಗಲ್ಲ ಅಂತ ಒದ್ದಾಡ್ತಿರೋನು ಇದ್ದ ಲಾಗಿನ್ನೂ ಕಳ್ಕೊಂಡ ಕತೆ.

ಸ್ಟೀಮ್ ಫೋಲ್ಡರಲ್ಲಿ ಸ್ಟೀಮ್‌ಆಪ್ಸ್, ಯೂಸರ್‌ಡೇಟಾ, ಸ್ಟೀಮ್ ಎಕ್ಸ್‌ಇ ಈ ಮೂರು ಬಿಟ್ಟು ಬೇರೆಲ್ಲ ಡಿಲೀಟ್ ಮಾಡಿ, ಫೋನ್‌ನ ಯುಎಸ್‌ಬಿ ಟೆದರಿಂಗಲ್ಲಿ, ಅಂದ್ರೆ ಫೋನಿನ ಮೊಬೈಲ್ ನೆಟ್ಟನ್ನ ಕೇಬಲ್ಲಲ್ಲಿ ಪಿಸಿಗೆ ಕೊಟ್ಟು, ಮತ್ತೆ ಕ್ಲೈಂಟ್ (ಸ್ಟೀಮ್ ಆಪ್) ಇಳಿಸ್ಕೊಂಡಿದ್ದಾಯ್ತು (ಗೇಮುಗಳು ಸ್ಟೀಮ್‌ಆಪ್ಸ್ ಒಳಗೇ ಇರೋದ್ರಿಂದ ಮತ್ತೆ ಇಳಿಸೋದು ಬೇಡ). ಇಳಿದ ಮೇಲೆ ಫೈಬರ್‌ಗೆ ವಾಪಸ್ ಹಾಕಿ ನೋಡಿದ್ರೆ ಅದೇ ಚಕ್ರ.

ಜೂನ್ 15, ಭಾನುವಾರ

ನಿನ್ನೆ ರಾತ್ರಿ ಹೊಳೀಲಿಲ್ಲ, ಕ್ಲೈಂಟ್ ಇಳಿಸಿದ ಟೆದರಿಂಗಲ್ಲೇ ಲಾಗಿನ್ ಟ್ರೈ ಮಾಡ್ಬಹುದಿತ್ತು. ಬೆಳಿಗ್ಗೆ ಮಾಡ್ದೆ, ಎರಡು ಸೆಕೆಂಡಲ್ಲಿ ಒಳಗೆ! ಅಂದ್ರೆ ಪಿಸಿ ಸರಿ ಇದೆ, ಫೈಬರ್ ಹಾಳು. ಆಪರೇಟರ್‌ಗೆ ಫೋನ್ ಮಾಡಿದ್ರೆ "ಯೂಟ್ಯೂಬ್ ಬರ್ತದಲ್ಲ ಸಾರ್" ಅಂದ, ಮೊನ್ನೆ ತನಕ ನಾನೂ ಅದೇ ವಾದ ಮಾಡ್ತಿದ್ದೆ ಅಂತ ಬೈಯೋಕೂ ಬಾಯಿ ಬರ್ಲಿಲ್ಲ.

ಜೂನ್ 18, ಬುಧವಾರ

ನಿನ್ನೆ ರಾತ್ರಿ ಸಿಕ್ಕಾಪಟ್ಟೆ ಗುಡುಗು ಮಳೆ. ಬೆಳಗಿನ ಜಾವ 5 ಗಂಟೆಗೆ ಎಚ್ಚರ ಆಯ್ತು, ಸುಮ್ನೆ ಪಿಸಿ ಹಾಕ್ದೆ, ಬೂಟ್ ಆಗೋವಾಗ ಎಫ್1 ಒತ್ತು ಅಂತ ಏನೋ ಕೇಳ್ತು, ಒತ್ತಿ ಮುಂದೆ ಹೋದೆ. ಟೆದರಿಂಗಲ್ಲಿ ಸ್ಟೀಮ್ ಆಗ್ತಿಲ್ಲ! ಮೊದಲು ಅನ್ಕೊಂಡಿದ್ದು ಇದು ಮಂಗಳವಾರದ ಮೇಂಟೆನೆನ್ಸ್ ಅಂತ, ಯಾಕಂದ್ರೆ ಸ್ಟೀಮ್ ಪ್ರತಿ ಮಂಗಳವಾರ ಅಮೆರಿಕಾದ ಪಶ್ಚಿಮ ಕರಾವಳಿ ಟೈಮ್ ಪ್ರಕಾರ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಮಲ್ಗುತ್ತೆ, ನಮ್ಗದು ಬುಧವಾರ ಬೆಳಗಿನ ಜಾವ. ಆದ್ರೆ ಮಧ್ಯಾಹ್ನ ಊಟ ಆದ್ಮೇಲೂ ಅದೇ ಕತೆ, ಹುಬ್ಬಳ್ಳಿ ಗೆಳೆಯ ಆರಾಮಾಗಿ ಆನ್‌ಲೈನ್ ಇದಾನೆ.

ಸಿಟ್ಟಲ್ಲಿ ಹತ್ತು ಹದಿನೈದು ಸಲ ಲಾಗಿನ್ ಒತ್ತಿದೆ, ಒಂದ್ಸಲ ಫೈಬರ್, ಒಂದ್ಸಲ ಫೋನು. ಕೊನೆಗೆ ನಿಮ್ಮ ನೆಟ್‌ವರ್ಕಿಂದ ತುಂಬಾ ಸಲ ಫೇಲ್ ಆಗಿದೆ ಕಾದು ನೋಡಿ ಅಂತ ಇನ್ನೊಂದು ಬಂತು. ಇದು ಬಂದಾಗ ಮಾಡ್ಬೇಕಾದ್ದು ಒಂದೇ, ಕೈ ಕಟ್ಟಿ ಕೂರೋದು. ಮತ್ತೆ ಮತ್ತೆ ಒತ್ತಿದ್ರೆ ಕಾಯೋ ಟೈಮು ಇನ್ನೂ ಮುಂದೆ ಹೋಗುತ್ತಷ್ಟೇ. ಮೊಬೈಲ್ ನೆಟ್ಟಲ್ಲೂ ನಮ್ಮ ಫೈಬರಲ್ಲೂ ಪಬ್ಲಿಕ್ ಐಪಿ (ಹೊರಗಿನವ್ರಿಗೆ ಕಾಣೋ ನೆಟ್ ವಿಳಾಸ) ಒಂದೊಂದು ಮನೆಗೆ ಒಂದೊಂದು ಅಲ್ಲ, ಹಂಚ್ಕೊಂಡಿದ್ದು. ರೂಟರ್ ಪೇಜಲ್ಲಿ ನನ್ನ ವಿಳಾಸ 100ರಿಂದ ಶುರುವಾಗ್ತಿದೆ, 100.64ರಿಂದ 100.127ವರೆಗಿನದ್ದು ಹಾಗೆ ಹಂಚೋಕೇ ಅಂತ ಮೀಸಲಿಟ್ಟಿರೋದು. ಹಾಗಾಗಿ ಆ ಫೇಲ್ ಲೆಕ್ಕದಲ್ಲಿ ಊರಿನ ಇನ್ಯಾರದ್ದೋ ಪಾಲೂ ಇದ್ರೆ ಆಶ್ಚರ್ಯ ಇಲ್ಲ.

ಜೂನ್ 21-22

ಶನಿವಾರ ರಾತ್ರಿ ಟೆದರಿಂಗಲ್ಲಿ ಮತ್ತೆ ಲಾಗಿನ್ ಆಯ್ತು! ನಾನೇನೂ ಮಾಡಿಲ್ಲ, ದೇವ್ರಾಣೆ. ಭಾನುವಾರ ಅದ್ರಲ್ಲೇ ಎರಡು ಗಂಟೆ ಆಡಿದ್ವಿ. ಈಗ ನನ್ನ ಥಿಯರಿ: ಮಳೆ ಬಂದ್ರೆ ಟವರ್ ಹಾಳು. ಮಸ್ಕತ್‌ನಲ್ಲಿರೋ ಗೆಳೆಯ "ಟವರ್ ಹಾಳಾಗಿದ್ರೆ ನಿನ್ನ ವಾಟ್ಸಾಪ್ ಹೆಂಗೆ ಬರ್ತಿತ್ತು?" ಅಂದ. ಉತ್ರ ಇರ್ಲಿಲ್ಲ, ಮಾತು ಬದಲಾಯಿಸ್ದೆ.

ಜೂನ್ 24, ಮಂಗಳವಾರ

ನಿನ್ನೆ ಮತ್ತೆ ಗುಡುಗು. ಇವತ್ತು ಮತ್ತೆ ಇಲ್ಲ. ಸಾಕಾಯ್ತು, ಊಹೆ ಬಿಟ್ಟು ಸ್ಟೀಮ್ ಫೋಲ್ಡರ್ ಒಳಗಿನ ಲಾಗ್ಸ್ ಫೋಲ್ಡರ್ ತೆಗೆದೆ, ಅಲ್ಲಿ ಕನೆಕ್ಷನ್ ಲಾಗ್ ಅಂತ ಒಂದು ಟೆಕ್ಸ್ಟ್ ಫೈಲ್ ಇರುತ್ತೆ, ಪ್ರತಿ ಸಲ ಯಾವ ಸರ್ವರ್‌ಗೆ ಹೋಗೋಕ್ ಟ್ರೈ ಮಾಡ್ತು ಏನಾಯ್ತು ಅಂತ ಸಾಲು ಸಾಲು ಬರ್ದಿಟ್ಟಿರುತ್ತೆ. ಅರ್ಧಕ್ಕರ್ಧ ನಂಗೆ ಅರ್ಥ ಆಗಲ್ಲ. ಆದ್ರೆ ಸಾಲಿನ ಶುರುವಲ್ಲಿ ತಾರೀಖು ಇರುತ್ತೆ, ಅದು ಯಾರಿಗಾದ್ರೂ ಅರ್ಥ ಆಗುತ್ತೆ. 2025 ಜೂನ್ 17, ಅದರ ಕೆಳಗೆ 2014 ಜನವರಿ 1, 2014 ಜನವರಿ 1, 2014 ಜನವರಿ 1... ಆಮೇಲೆ 2025 ಜೂನ್ 21, 22, ಮತ್ತೆ 2014 ಜನವರಿ 1!

ಗುಡುಗು ಬಂದ್ರೆ ಅಮ್ಮ ಮನೇಲಿರೋ ಪ್ಲಗ್ಗೆಲ್ಲ ಕಿತ್ತಿಡ್ತಾರೆ. ಟಿವಿ, ಮಿಕ್ಸಿ, ಪಿಸಿ, ಎಲ್ಲ. ಸರಿಯಾದ ಕೆಲ್ಸವೇ, ಕೀಳದಿದ್ದ ಫೈಬರ್ ಬಾಕ್ಸ್ ಏನಾಯ್ತು ಅಂತ ಗೊತ್ತಲ್ಲ. ಪ್ಲಗ್ ಇರೋವರೆಗೆ ಪಿಸಿ ಶಟ್‌ಡೌನ್ ಆಗಿದ್ರೂ ಬೋರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಬರ್ತಿರುತ್ತೆ, ಗಡಿಯಾರ ಅದ್ರಲ್ಲೇ ನಡೆಯುತ್ತೆ. ಕಿತ್ರೆ ಬೋರ್ಡ್ ಮೇಲಿರೋ ಬಿಲ್ಲೆ ಬ್ಯಾಟರಿನೇ ಗತಿ. ಅದು ಸತ್ತಿದೆ, ಹಾಗಾಗಿ ತಾರೀಖು ಬೋರ್ಡೊಳಗಿನ ಮೂಲ ಪ್ರೋಗ್ರಾಂ ಆದ ಬಯಾಸ್‌ನಲ್ಲಿ ಬರ್ದಿರೋ ಹುಟ್ಟಿದ ದಿನಕ್ಕೆ ವಾಪಸ್. ಆ ಎಫ್1 ಮೆಸೇಜ್ ಅದನ್ನೇ ಹೇಳ್ತಿತ್ತು, ಒತ್ತಿ ಒತ್ತಿ ಬೆರಳಿಗೆ ಅಭ್ಯಾಸ ಆಗಿತ್ತೇ ಹೊರ್ತು ಒಂದಿನ ಓದಿದೋನಲ್ಲ.

ಗಡಿಯಾರ ತಪ್ಪಿದ್ರೆ ಲಾಗಿನ್ ಯಾಕೆ ಆಗಲ್ಲ? ಸರ್ವರ್ ತಾನು ಇಂಥವನೇ ಅಂತ ತೋರ್ಸೋ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಆಯಸ್ಸು ಇರುತ್ತೆ. 2014ರಲ್ಲಿ ಕೂತಿರೋ ಪಿಸಿಗೆ ಅದು ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ನಂಬಲ್ಲ, ಕನೆಕ್ಷನ್ ಕಟ್. ಆ ಪಿಸಿಲೇ ಬ್ರೌಸರ್ ತೆಗೆದು ನೋಡ್ದೆ, "ನಿಮ್ಮ ಗಡಿಯಾರ ಹಿಂದಿದೆ" ಅಂತ ಮುಖಕ್ಕೆ ಹೊಡ್ದಂಗೆ ಹೇಳ್ತು. ಹತ್ತು ದಿನದಿಂದ ನಾನು ಗೂಗಲ್ ಮಾಡ್ತಿದ್ದಿದ್ದು ಬರೀ ಫೋನಲ್ಲಿ. ಟಾಸ್ಕ್‌ಬಾರ್ ಬೇರೆ ಆಟೋ ಹೈಡ್. ಇನ್ನು ಪಿಸಿ ಗಡಿಯಾರ ತಪ್ಪಿದ್ರೆ ಸ್ಟೀಮ್ ಗಾರ್ಡ್ ಕೋಡೂ (ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಕೇಳೋ ಕೋಡ್) ತಪ್ಪಾಗುತ್ತೆ ಅಂತ ಕೆಲವ್ರು ಹೇಳ್ತಾರೆ, ಅದು ಬೇರೆ ವಿಷ್ಯ. 30 ಸೆಕೆಂಡಿಗೊಮ್ಮೆ ಬದಲಾಗೋ ಆ ಕೋಡ್ ಹುಟ್ಟೋದು ಫೋನಲ್ಲಿ, ಪಿಸಿ ಗಡಿಯಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸರಿ, ವಿಂಡೋಸ್ ತಾನಾಗೇ ಟೈಮ್ ಸರಿ ಮಾಡ್ಕೋಬೇಕಿತ್ತಲ್ಲ? ಕಮಾಂಡ್ ಪ್ರಾಂಪ್ಟಲ್ಲಿ ಕೈಯಾರೆ ಸಿಂಕ್ ಮಾಡ್ಸಿದ್ರೆ, ಬದಲಾಯಿಸ್ಬೇಕಾದ ಟೈಮ್ ತುಂಬಾ ದೊಡ್ಡದು, ಆಗಲ್ಲ ಅಂತು. ಮನೆ ಪಿಸಿಲಿ ಅದಕ್ಕೆ ಮಿತಿ 54,000 ಸೆಕೆಂಡ್, ಅಂದ್ರೆ 15 ಗಂಟೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಟೈಮ್ ಹೇಳೋ ಸರ್ವರ್‌ನೇ ನಂಬಲ್ಲ. ಇಲ್ಲಿ ವ್ಯತ್ಯಾಸ ಹನ್ನೊಂದೂವರೆ ವರ್ಷ.

ಹಾಗಾದ್ರೆ ಮಧ್ಯೆ ಮಧ್ಯೆ ಸರಿ ಮಾಡ್ತಿದ್ದಿದ್ದು ಯಾರು? ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯ್ತು. ಶನಿವಾರ ಅಪ್ಪ ಆಳುಗಳ ಬಟವಾಡೆ ಲೆಕ್ಕ ಎಕ್ಸೆಲ್‌ನಲ್ಲಿ ಬರೀತಾರೆ, ಆ ಶೀಟಲ್ಲಿ ತಾರೀಖು ತಾನಾಗೇ ಬರೋ ಹಾಗೆ ನಾನೇ ಮಾಡಿಕೊಟ್ಟಿದ್ದೆ. "ಅದು ಯಾವಾಗ್ಲೂ ಹಿಂದೆ ಹೋಗಿರ್ತದೆ, ನಾನೇ ಸರಿ ಮಾಡ್ಕೊಳ್ತೇನೆ" ಅಂದ್ರು ಸಾರು ಕಲಸ್ತಾ. ಅಮ್ಮ ಕೆಡಿಸೋದು, ಅಪ್ಪ ಸರಿ ಮಾಡೋದು, ಮಧ್ಯದಲ್ಲಿ ನಾನು ಟವರ್‌ಗೆ ಬೈಯೋದು.

ಜೂನ್ 25

ಶಿರಸಿ ಪೇಟೇಲಿ ವಾಚ್ ರಿಪೇರಿ ಅಂಗಡೀಲಿ ಸಿಆರ್2032 ತಗೊಂಡೆ. ಹಳೇದು ಮಲ್ಟಿಮೀಟರಲ್ಲಿ 1.9 ವೋಲ್ಟ್, 3 ಇರ್ಬೇಕಿತ್ತು. ಬದಲಾಯ್ಸೋದು ಎರಡು ನಿಮಿಷದ ಕೆಲ್ಸ, ಅದಕ್ಕೆ ಮುಂಚೆ ಗ್ರಾಫಿಕ್ಸ್ ಕಾರ್ಡ್ ಬಿಚ್ಬೇಕಾಯ್ತು, ಬ್ಯಾಟರಿ ಸರಿಯಾಗಿ ಅದರ ಅಡೀಲಿ.

ಜೂನ್ 26, ಗುರುವಾರ

ಇವತ್ತು ರಾತ್ರಿ ಹತ್ತೂವರೆಗೆ ಸ್ಟೀಮ್ ಸಮ್ಮರ್ ಸೇಲ್ ಶುರು, ಜುಲೈ 10ರ ತನಕ. ಡೀಪ್ ರಾಕ್ ಗ್ಯಾಲಾಕ್ಟಿಕ್ ಅನ್ನೋ ಗೇಮ್ ತಗೊಳ್ಳೋದು ಅಂತ ನಾಲ್ಕೂ ಜನ ಮಾತಾಡ್ಕೊಂಡಿದ್ವಿ. ಗಡಿಯಾರ ಸರಿ ಆಗಿರೋ ಖುಷೀಲಿ ಫೈಬರ್ ಕೇಬಲ್ ಹಾಕಿ ಸ್ಟೀಮ್ ತೆಗೆದೆ. ಚಕ್ರ. ಒಂದ್ ನಿಮಿಷ. ಅದೇ ಮೆಸೇಜ್.

ಆಗ ಒಂದು ಗಮನಕ್ಕೆ ಬಂತು. ತಾರೀಖು ತಪ್ಪಿದ್ದಾಗ ಎರರ್ ತಕ್ಷಣ ಬರ್ತಿತ್ತು, ಫೈಬರಲ್ಲಿ ಒಂದ್ ನಿಮಿಷ ತಗೊಳ್ತಿತ್ತು. ಮೆಸೇಜ್ ಒಂದೇ ಆದ್ರಿಂದ ನಾನು ರೋಗಾನೂ ಒಂದೇ ಅನ್ಕೊಂಡಿದ್ದೆ. ಕೆಮ್ಮು ಒಂದೇ, ಕಾಯಿಲೆ ಎರಡು! ಸೇಲಲ್ಲಿ ಗೇಮ್ ಟೆದರಿಂಗಲ್ಲೇ ತಗೊಂಡೆ, ಬಿಡಿ.

ಜೂನ್ 28-29

ತಕ್ಷಣ ಎರರ್ ಬಂದ್ರೆ ಯಾರೋ ಬೇಡ ಅಂದಿದಾರೆ, ತಡವಾಗಿ ಬಂದ್ರೆ ಯಾರೋ ಉತ್ರಾನೇ ಕೊಟ್ಟಿಲ್ಲ. ಪಿಂಗ್ ಮಾಡಿದ್ರೆ (ಒಂದು ಪ್ಯಾಕೆಟ್, ಅಂದ್ರೆ ಡೇಟಾ ತುಂಡು, ಕಳಿಸಿ ಆ ಕಡೆಯಿಂದ ಉತ್ರ ಬರುತ್ತಾ ಅಂತ ನೋಡೋದು) ಉತ್ರ ಚೆನ್ನಾಗೇ ಬರ್ತಿದೆ, ಆದ್ರೆ ಪಿಂಗ್ ಪ್ಯಾಕೆಟ್ ಚಿಕ್ಕದು. ದೊಡ್ಡದು ಕಳಿಸಿದ್ರೆ? ವಿಂಡೋಸ್ ಪಿಂಗಲ್ಲಿ ಪ್ಯಾಕೆಟ್ ಒಡೀಬೇಡ ಅಂತ ಒಂದು ಆಯ್ಕೆ, ಎಷ್ಟು ಬೈಟ್ ಅಂತ ಇನ್ನೊಂದು ಇದೆ. ಸಾಮಾನ್ಯ ಈಥರ್ನೆಟ್‌ನಲ್ಲಿ 1472 ಹೋಗ್ಬೇಕು, ಹೆಡರ್ 28 ಸೇರಿ 1500. ಹೋಗ್ಲಿಲ್ಲ. ನಮ್ಮದು ಪಿಪಿಪಿಓಇ (ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಜೋಡಿಸೋ ಥರದ) ಕನೆಕ್ಷನ್, ಅದಕ್ಕೆ 8 ಬೈಟ್ ಹೋದ್ರೆ 1492, ಅಂದ್ರೆ 1464 ಹೋಗ್ಬೇಕು. ಅದೂ ಇಲ್ಲ! ಕಮ್ಮಿ ಮಾಡ್ತಾ ಮಾಡ್ತಾ 1412ಕ್ಕೆ ಉತ್ರ ಬಂತು. 1413 ಹಾಕಿದ್ರೆ ಮೌನ. ಐದಾರು ಸಲ ಮಾಡ್ದೆ, ಅದೇ ಗೆರೆ. 1412ಕ್ಕೆ 28 ಸೇರ್ಸಿದ್ರೆ 1440.

ಅಂದ್ರೆ ನಮ್ಮನೆಯಿಂದಾಚೆ ಎಲ್ಲೋ ದಾರಿ ಕಿರಿದಾಗಿದೆ, ಆಪರೇಟರ್ ಕಡೆ ಇನ್ನೊಂದು ಪದರ ಸುತ್ತಿ ಕಳಿಸ್ತಿರ್ಬೇಕು. ಕಿರಿದಾಗಿರೋದು ತಪ್ಪಲ್ಲ, ಆದ್ರೆ ದೊಡ್ಡ ಪ್ಯಾಕೆಟ್ ಬಂದ್ರೆ "ಇದು ಹಿಡಿಯಲ್ಲ, ಚಿಕ್ಕದು ಕಳ್ಸು" ಅಂತ ವಾಪಸ್ ಹೇಳ್ಬೇಕು. ಇಲ್ಲಿ ಹೇಳ್ದೆ ಕೇಳ್ದೆ ಬಿಸಾಕ್ತಿದೆ. ಲಾಗಿನ್ ಶುರುವಲ್ಲಿ ಪಿಸಿ ಕಳಿಸೋದು ಪುಟ್ಟ ಪ್ಯಾಕೆಟ್ಟು, ಅದು ಹೋಗುತ್ತೆ, ಸರ್ವರ್ ತನ್ನ ಸರ್ಟಿಫಿಕೇಟ್ ತುಂಬಿದ ಪ್ಯಾಕೆಟ್ ವಾಪಸ್ ಕಳ್ಸುತ್ತೆ, ಅದು ದೊಡ್ಡದು, ದಾರೀಲೇ ಮಾಯ. ಎರಡೂ ಕಡೆಯವ್ರು ಕಾಯ್ತಾ ಕೂತಿರ್ತಾರೆ, ಆ ಒಂದ್ ನಿಮಿಷದ ಚಕ್ರ ಅದೇ. ಯೂಟ್ಯೂಬ್ ಯಾಕೆ ಓಡ್ತಿತ್ತು ಅಂತ ಈಗ ಅರ್ಥ ಆಯ್ತು, ಅದು ಕ್ವಿಕ್ ಅನ್ನೋ ಪ್ರೋಟೋಕಾಲಲ್ಲಿ ಬರುತ್ತೆ, ಅದರ ಪ್ಯಾಕೆಟ್ ಶುರುವಾಗೋದೇ 1200 ಬೈಟ್ ಆಸುಪಾಸಲ್ಲಿ, ಈ ಸಂದೀಲಿ ಸಲೀಸಾಗಿ ತೂರುತ್ತೆ. ವೈಫೈಲಿ ಬ್ಯಾಂಕ್ ಆಪ್ ತೆರಿಯಲ್ಲ ಅಂತ ಅಮ್ಮ ಎರಡು ವಾರದಿಂದ ಹೇಳ್ತಾನೇ ಇದ್ರು, ನಾನು "ಆಪ್ ಅಪ್‌ಡೇಟ್ ಮಾಡು" ಅಂತ ಸಾಗಹಾಕಿದ್ದೆ.

ಮೊದಲು ವಿಂಡೋಸಲ್ಲಿ ನೆಟ್‌ಶೆಲ್ ಕಮಾಂಡಿಂದ ಈಥರ್ನೆಟ್ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರ್ಬಹುದು ಅನ್ನೋ ಮಿತಿ) 1440 ಮಾಡ್ದೆ. ಇದರಿಂದ ಪಿಸಿ ಕನೆಕ್ಷನ್ ಶುರು ಮಾಡೋವಾಗ್ಲೇ "ನಂಗೆ ಇಷ್ಟಕ್ಕಿಂತ ದೊಡ್ಡದು ಕಳ್ಸಬೇಡ" ಅಂತ ಸರ್ವರ್‌ಗೆ ಹೇಳುತ್ತೆ. ಸ್ಟೀಮ್ ತೆಗೆದೆ, ಕ್ಯೂಆರ್ ಸ್ಕ್ಯಾನ್ ಮಾಡ್ದೆ, ಉಸಿರು ಬಿಡೋದ್ರೊಳಗೆ ಲೈಬ್ರರಿ ಬಂತು. ಫೈಬರಲ್ಲಿ! ಆಮೇಲೆ ಅದನ್ನೇ ರೂಟರ್‌ನ ವ್ಯಾನ್ (ಹೊರಗಿನ ನೆಟ್ ಕಡೆಯ) ಸೆಟ್ಟಿಂಗಲ್ಲೂ ಹಾಕ್ದೆ, 1492 ಇದ್ದಿದ್ದು 1440. ಅಮ್ಮನ ಬ್ಯಾಂಕ್ ಆಪ್ ಕೂಡ ತೆರೀತು. ಆಪರೇಟರ್‌ಗೆ ನಂಬರ್ ಸಮೇತ ಬರ್ದು ಕಳ್ಸಿದೀನಿ, "ಓಕೆ ಸಾರ್" ಅಂತ ಬಂದಿದೆ, ಅಷ್ಟೇ.

ಜುಲೈ 7, ಸೋಮವಾರ

ನಿನ್ನೆ ರಾತ್ರಿ ಫೈಬರಲ್ಲಿ ಮೊದಲ ಫುಲ್ ಆಟ. ಲೆಫ್ಟ್ ಫೋರ್ ಡೆಡ್ 2ರ ನೋ ಮರ್ಸಿ, ಕೊನೇ ಹಂತ, ಆಸ್ಪತ್ರೆ ಟೆರೇಸು, ಟ್ಯಾಂಕ್ ಅನ್ನೋ ದೈತ್ಯ ಬಂದಾಯ್ತು, ಹೆಲಿಕಾಪ್ಟರ್ ಸದ್ದು ಕೇಳ್ತಿದೆ, ಅಷ್ಟರಲ್ಲಿ ಹೊರಗೆ ಒಂದು ಗುಡುಗು, ಹಿಂದಿನಿಂದ ಅಮ್ಮ, ಸ್ಕ್ರೀನ್ ಕಪ್ಪು.

ಬೆಳಿಗ್ಗೆ ಪ್ಲಗ್ ಹಾಕಿ ಆನ್ ಮಾಡ್ದೆ. ಎಫ್1 ಕೇಳ್ಲಿಲ್ಲ, ತಾರೀಖು ಸರಿ, ಟೈಮ್ ಫೋನಲ್ಲೂ ಪಿಸಿಲೂ ಒಂದೇ, ಸ್ಟೀಮ್ ಪಾಸ್‌ವರ್ಡ್ ಕೂಡ ಕೇಳ್ದೆ ಒಳಗೆ ಬಿಡ್ತು. ಹುಬ್ಬಳ್ಳಿಯವನ ಮೆಸೇಜ್ ಬಂದಿತ್ತು. ನಾನು ಹೋದ್ಮೇಲೆ ನನ್ನ ಜಾಗಕ್ಕೆ ಬಾಟ್ (ಕಂಪ್ಯೂಟರೇ ಆಡಿಸೋ ಆಟಗಾರ) ಬಂತಂತೆ, ಇಬ್ಬರನ್ನ ಎತ್ತಿ ನಿಲ್ಸಿ ಎಲ್ಲರಿಗಿಂತ ಮೊದ್ಲು ಹೆಲಿಕಾಪ್ಟರ್ ಹತ್ತಿತಂತೆ, "ಮುಂದಿನ ವಾರಾನೂ ಅಮ್ಮಂಗೆ ಪ್ಲಗ್ ಕೀಳೋಕ್ ಹೇಳು" ಅಂತ ಬರ್ದಿದಾನೆ.