ಮೂರನೇ ಕಾರ್ಡು

ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಓದೋಕೆ ಬಂದ ಹೊಸದರಲ್ಲಿ, 2014ರಲ್ಲಿ, ಕಾರು ಜೋರಾಗಿ ಓಡಿಸಿದ್ದಕ್ಕೆ ನನಗೊಂದು ಸ್ಪೀಡಿಂಗ್ ಟಿಕೆಟ್, ಅಂದರೆ ದಂಡದ ಚೀಟಿ, ಬಿತ್ತು. ನಾಳೆ ಕಟ್ಟೋಣ ಅಂದುಕೊಂಡೆ. ಅಷ್ಟರಲ್ಲಿ ಪರೀಕ್ಷೆ, ಮನೆ ಬದಲಾವಣೆ, ಮರೆತೇ ಹೋಯ್ತು. ಕೋರ್ಟಿನ ನೋಟಿಸೆಲ್ಲ ಹಳೇ ವಿಳಾಸಕ್ಕೆ ಹೋಗಿದ್ದವು. ಲೈಸೆನ್ಸ್ ಅಮಾನತಾಗಿದೆ ಅಂತ ನನಗೆ ಗೊತ್ತಾಗಿದ್ದೇ ಒಂದು ರಾತ್ರಿ ಪೊಲೀಸರು ಕಾರು ನಿಲ್ಲಿಸಿದಾಗ.

ಬರೀ ಟಿಕೆಟ್ ಆಗಿದ್ದರೆ ದಂಡ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಅಮಾನತಾದ ಲೈಸೆನ್ಸ್ ಇಟ್ಟುಕೊಂಡು ಗಾಡಿ ಓಡಿಸೋದು ಇಲ್ಲಿ ಕ್ರಿಮಿನಲ್ ಅಪರಾಧ, 93 ದಿನದವರೆಗೆ ಜೈಲಿಗೆ ಹಾಕಬಹುದು. ವಕೀಲರನ್ನು ಇಡೋಕೆ ದುಡ್ಡಿರಲಿಲ್ಲ. ತಪ್ಪು ಒಪ್ಪಿಕೊಂಡೆ, ದಂಡ ಕಟ್ಟಿದೆ. ಅಲ್ಲಿಗೆ ಮುಗೀತು ಅಂತಲೇ ನಂಬಿದ್ದೆ. ಆದರೆ ಬಾಡಿಗೆ ಮನೆ ಕೇಳಿದಾಗ, ಕೆಲಸಕ್ಕೆ ಅರ್ಜಿ ಹಾಕಿದಾಗ, ಪ್ರತಿ ಸಲ ಅಪರಾಧ ದಾಖಲೆಯ ಆ ಒಂದು ಸಾಲು ಎದ್ದು ಬರುತ್ತಿತ್ತು. ಊರಲ್ಲಿ ಅಮ್ಮನಿಗೆ ನಾನಿದನ್ನು ಇವತ್ತಿಗೂ ಹೇಳಿಲ್ಲ.

ಟ್ರಾಫಿಕ್ ಅಪರಾಧಗಳನ್ನು ದಾಖಲೆಯಿಂದ ತೆಗೆಸೋ ದಾರಿ ಈ ರಾಜ್ಯದಲ್ಲಿ ತೆರೆದಿದ್ದು 2021ರ ಏಪ್ರಿಲ್‌ನಲ್ಲಿ. ಮರುವರ್ಷ ಒಂದು ಲೈಬ್ರರಿಯಲ್ಲಿ ನಡೆದ ಉಚಿತ ಕಾನೂನು ಶಿಬಿರಕ್ಕೆ ಹೋದೆ. ಕೋರ್ಟಿನಿಂದ ತೀರ್ಪಿನ ದೃಢೀಕೃತ ಪ್ರತಿ ತರಬೇಕು, ನೋಟರಿ ಮಾಡಿಸಬೇಕು, ಸ್ಟೇಟ್ ಪೊಲೀಸರಿಗೆ 50 ಡಾಲರ್ ಕಟ್ಟಬೇಕು, ಬೆರಳಚ್ಚು ಕೊಡಬೇಕು, ಅರ್ಜಿಯ ಪ್ರತಿಗಳನ್ನು ಸರ್ಕಾರಿ ವಕೀಲರಿಗೆ ಕಳಿಸಬೇಕು.

ಬೆರಳಚ್ಚಿನ ಸಾಲಿನಲ್ಲಿ ನನ್ನ ಮುಂದೆ ಅರವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಮನೆಗಳಿಗೆ ಚಾವಣಿ ಹಾಕೋ ಕೆಲಸವಂತೆ. ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು, ಒಂದೊಂದು ಕಡೆ ಬಿರುಕು ಬಿಟ್ಟಿದ್ದವು. ಮೊದಲ ಕಾರ್ಡಿನಲ್ಲಿ ಕಪ್ಪು ಮಸಿ ಬಿಟ್ಟರೆ ಗೆರೆಗಳೇ ಕಾಣಲಿಲ್ಲ. ಅಚ್ಚು ತೆಗೆಯುತ್ತಿದ್ದ ಹೆಣ್ಣುಮಗಳು ಅವರ ಕೈ ಒರೆಸಿ, ಲೋಷನ್ ಹಚ್ಚಿ, ಒಂದೊಂದೇ ಬೆರಳನ್ನು ನಿಧಾನಕ್ಕೆ ಉರುಳಿಸಿದಳು. ಎರಡನೆಯದೂ ಹಾಳಾಯ್ತು.

ಕಾಯ್ತಾ ಕಾಯ್ತಾ ಅವರು ಮಾತಿಗಿಳಿದರು. ಅವರ ಮೇಲೆ ಇಂಥವೇ ನಾಲ್ಕು ಕೇಸು. ದಂಡ ಕಟ್ಟೋಕೆ ಆಗಲಿಲ್ಲ, ಲೈಸೆನ್ಸ್ ಹೋಯ್ತು. ಅವರಿದ್ದ ಕಡೆ ಬಸ್ಸಿಲ್ಲ, ಕೆಲಸಕ್ಕೆ ಹೋಗಲೇಬೇಕು, ಹೋದಾಗ ಸಿಕ್ಕಿಬಿದ್ದರು. ಮತ್ತೆ ದಂಡ. 'ಕೆಲಸ ಬಿಟ್ಟಿದ್ದರೆ ಕೇಸಾಗ್ತಿರಲಿಲ್ಲ ನೋಡಿ' ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನನ್ನದು ಮರೆವು, ಅವರದು ಬಡತನ. ಕಾನೂನಿಗೆ ಎರಡೂ ಒಂದೇ ಆಗಿಬಿಟ್ಟಿತ್ತು. ಕೈಯಲ್ಲಿ ದುಡ್ಡಿದ್ದವನು ಅದೇ ಟಿಕೆಟ್ಟಿಗೆ ಚೆಕ್ ಬರೆದು ಅವತ್ತೇ ಮರೀತಾನೆ, ಇವರು ಅಪರಾಧಿ ಅನ್ನಿಸಿಕೊಳ್ಳಬೇಕು. ಇದು ಯಾವ ನ್ಯಾಯ? ದಂಡ ಕಟ್ಟಿಲ್ಲ, ಕೋರ್ಟಿಗೆ ಬಂದಿಲ್ಲ ಅಂತ ಲೈಸೆನ್ಸ್ ಕಿತ್ತುಕೊಳ್ಳೋದನ್ನು ಬಹುಪಾಲು ಟ್ರಾಫಿಕ್ ಕೇಸುಗಳಲ್ಲಿ ರಾಜ್ಯ 2021ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಅವರಿಗೆ ಅದು ಎಷ್ಟು ತಡವಾಗಿ ಬಂತು ಅಲ್ವಾ!

ಮಿಶಿಗನ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನವಿದೆ. ದಾಖಲೆ ಅಳಿಸಿಕೊಳ್ಳೋ ಅರ್ಹತೆ ಇದ್ದವರಲ್ಲಿ, ಐದು ವರ್ಷದೊಳಗೆ ನಿಜಕ್ಕೂ ಅಳಿಸಿಕೊಂಡವರು ಶೇ. 6.5ರಷ್ಟು ಮಾತ್ರ. ಆ ಸಾಲಿನಲ್ಲಿ ಅರ್ಧ ದಿನ ನಿಂತ ಮೇಲೆ ನನಗೆ ಅದರಲ್ಲಿ ಆಶ್ಚರ್ಯ ಅನ್ನಿಸಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಎಷ್ಟು ಜನ ಬರೋಕಾಗುತ್ತೆ? ಸರ್ಕಾರದ ಕಂಪ್ಯೂಟರಿನಲ್ಲಿ ಇರೋದನ್ನು ಸರ್ಕಾರವೇ ತೆಗೀಬೇಕು. 2023ರ ಏಪ್ರಿಲ್‌ನಿಂದ ಹಾಗೆ ಶುರುವಾಗಿದೆ, ಸಣ್ಣ ಅಪರಾಧವಾದರೆ ಏಳು ವರ್ಷ, ಕೆಲವು ದೊಡ್ಡವಕ್ಕೆ ಹತ್ತು ವರ್ಷ ಕಳೆದ ಮೇಲೆ ತಾನಾಗಿಯೇ. ಎಲ್ಲ ಕೇಸಿಗೂ ಅಲ್ಲ, ಆದರೂ ದೊಡ್ಡ ಮಾತು.

ವಲಸೆ ಬಂದವರು ಒಂದು ವಿಷಯ ತಿಳ್ಕೊಂಡಿರಿ. ರಾಜ್ಯ ಅಳಿಸಿದರೂ ಪೌರತ್ವದ ಅರ್ಜಿಯಲ್ಲಿ ಅದನ್ನು ಹೇಳಲೇಬೇಕು. ಹಾಗಾಗಿ ಅಳಿಸೋ ಮೊದಲೇ ದೃಢೀಕೃತ ಪ್ರತಿಗಳನ್ನು ಜಾಸ್ತಿ ತೆಗೆದಿಟ್ಟುಕೊಳ್ಳಿ ಅಂತ ಶಿಬಿರದ ವಕೀಲರು ಹೇಳಿದರು. ಡ್ರೈವಿಂಗ್ ದಾಖಲೆಯಿಂದಲೂ ಅದು ಹೋಗೋದಿಲ್ಲ.

ನನ್ನ ವಿಚಾರಣೆ ಐದು ನಿಮಿಷದಲ್ಲಿ ಮುಗೀತು. ನ್ಯಾಯಾಧೀಶರು ಎರಡು ಪ್ರಶ್ನೆ ಕೇಳಿ ಸಹಿ ಹಾಕಿದರು. ಹೊರಗೆ ಬಂದು ಕಾರಿನಲ್ಲಿ ಕೂತಾಗ ಆ ಚಾವಣಿ ಕೆಲಸದವರೇ ನೆನಪಾದರು. ನಾನು ಹೊರಡುವಾಗ ಅವರ ಮೂರನೇ ಕಾರ್ಡು ಮೇಜಿನ ಮೇಲೆ ಒಣಗುತ್ತಿತ್ತು, ಅವರು ಮಸಿ ಕೈಗಳನ್ನು ಎರಡೂ ಪಕ್ಕಕ್ಕೆ ಹಿಡಿದು ಅದನ್ನೇ ಬಗ್ಗಿ ನೋಡ್ತಾ ನಿಂತಿದ್ದರು.