ಮೇಲಿನ ಮನೆಯವನಿಗೂ ಒಂದು ಪ್ರಾರ್ಥನೆ

"ಕೋಪ ಹೋಗಿಲ್ಲ. ನೀರು ಕೊಡ್ಲಿಕ್ಕೆ ಕೋಪ ಹೋಗ್ಬೇಕೂಂತ ಯಾರು ಹೇಳಿದ್ದು?"

ಮಾಂಯ್, ಅಂದರೆ ನನ್ನ ಅತ್ತೆ, ಹೀಗೆ ಅಂದದ್ದು ಮಂಗಳವಾರ ಬೆಳಗ್ಗೆ. ಅಂದವರು ಹಸುವಿಗೆ ಹುಲ್ಲು ಹಾಕಲು ಹೋಗಿಬಿಟ್ಟರು. ಅವರಿಗೆ ಅದು ಅಲ್ಲಿಗೇ ಮುಗಿದ ಮಾತು. ನನಗೆ ಮುಗಿದಿಲ್ಲ. ಬಸ್ಸಿನಲ್ಲಿ ಅದೇ, ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸುವಾಗ ಅದೇ, ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ. ಈಸ್ಟರಿಗೆ ಮೊದಲಿನ ತಪಸ್ಸು ಕಾಲ ಶುರುವಾದ ಮೇಲೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಎಷ್ಟು ಪ್ರಸಂಗ ಕೇಳಿದ್ದೇನೆ, ಮೊಬೈಲಿಗೆ ಬೆಳಗಾದರೆ ಎಷ್ಟು ವಾಕ್ಯ ಬರುತ್ತವೆ. ಯಾವುದೂ ಹೀಗೆ ಬೆನ್ನು ಹತ್ತಲಿಲ್ಲ.

ನಮ್ಮದು ಕಾಸರಗೋಡಿನ ಬೇಳದ ಕಡೆ, ಗುಡ್ಡದ ಬುಡದಲ್ಲಿ ಒಂದಷ್ಟು ಅಡಿಕೆ ತೋಟ. ನೀರು ಸುರಂಗದ್ದು. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಬಾವಿಯ ಹಾಗೆ ಕೆಳಕ್ಕಲ್ಲ, ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುವುದು. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನುಗ್ಗುವಷ್ಟೇ ಅಗಲ. ಒಳಗಿನ ಒರತೆ ತಾನಾಗಿಯೇ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಅಗೆಯುವವರು ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೋಲು ಅಂದರೆ 72 ಸೆಂಟಿಮೀಟರ್. ಒಳಗೆ ಮೇಣದಬತ್ತಿ ಹಚ್ಚಿಟ್ಟು ಕೆಲಸ ಮಾಡುತ್ತಾರೆ. ಬತ್ತಿ ಆರಿದರೆ ಉಸಿರಾಡುವ ಗಾಳಿ ಸಾಲದು ಅಂತ ಲೆಕ್ಕ, ಹೊರಗೆ ಬಂದುಬಿಡಬೇಕು. ನಮ್ಮ ಸುರಂಗವನ್ನು ಮಾವ ಇರುವಾಗ ಅಗೆಸಿದ್ದು. ಮಾವ ಹೋದ ಮೇಲೆ ಅದರ ಕಾವಲು ಮಾಂಯ್‌ದು. ಬಾಯಿಯಲ್ಲಿ ಬೆಳೆದ ಜರಿಗಿಡ ಕೀಳುವುದು, ಕೋಲು ಇಳಿಸಿ ಟಾಂಕಿಯ ನೀರು ಅಳೆಯುವುದು, ಎಲ್ಲ ಅವರೇ.

ಕೆಲವು ವರ್ಷದ ಹಿಂದೆ ಮೇಲಿನ ಮನೆಯವನು ಗುಡ್ಡದ ನೆತ್ತಿಯಲ್ಲಿ ಬೋರ್‌ವೆಲ್ ಹೊಡೆಸಿದ. ಮರುವರ್ಷದ ಬೇಸಿಗೆಗೆ ನಮ್ಮ ಸುರಂಗದ ಧಾರೆ ಹನಿಗೆ ಇಳಿಯಿತು. ಬೋರ್‌ನಿಂದಲೇ ಹೀಗಾಯ್ತು ಅಂತ ಯಾರೂ ಸಾಬೀತು ಮಾಡಲಿಕ್ಕಿಲ್ಲ. ಗುಡ್ಡದ ಮೇಲಿದ್ದ ಕಾಡು ಕಡಿದು ರಬ್ಬರ್ ಹಾಕಿದ್ದೂ ಕಾರಣ ಇರಬಹುದು. ಆದರೆ ಹೊಡೆಸುವ ಮೊದಲು ಒಂದು ಮಾತು ಕೇಳಬಹುದಿತ್ತು ಅಲ್ವಾ? ಮಾಂಯ್ ಹತ್ತಿ ಹೋಗಿ ಕೇಳಿದ್ದಕ್ಕೆ ಅವನು ಅಂದದ್ದು ಇಷ್ಟೇ: "ನನ್ನ ಜಾಗ, ನನ್ನ ಬೋರ್." ಎದುರು ನಿಂತದ್ದು ತನ್ನ ತಾಯಿಯ ಪ್ರಾಯದ ಹೆಂಗಸು ಅಂತಲೂ ನೋಡಲಿಲ್ಲ. ಆ ಬೇಸಿಗೆ ನಮ್ಮ ಕೆಳಗಿನ ಸಾಲಿನ ಅಡಿಕೆ ಮರ ಒಣಗಿದವು.

ಇದರಲ್ಲಿ ಕಷ್ಟ ಏನೆಂದರೆ ಅವನೂ ನಮ್ಮದೇ ಇಗರ್ಜಿಯವನು, ನಮ್ಮದೇ ವಾಡೊ, ಅಂದರೆ ಇಗರ್ಜಿಯ ಕೇರಿಯವನು. ವಾಡೊ ನೋಡಿಕೊಳ್ಳುವ ಗುರ್ಕಾರ್ ಒಬ್ಬರೇ, ಒಂದೇ ವಂತಿಗೆ ಪುಸ್ತಕ. 1956ರಲ್ಲಿ ನಾವು ಕೇರಳಕ್ಕೆ ಸೇರಿದರೂ ಇಗರ್ಜಿ ಮಟ್ಟಿಗೆ ಇನ್ನೂ ಮಂಗಳೂರು ಧರ್ಮಪ್ರಾಂತ್ಯವೇ, ಹಾಗಾಗಿ ದೂರು ಕೊಡುವುದಾದರೂ ಇಬ್ಬರೂ ಒಂದೇ ಬಾಗಿಲಿಗೆ ಹೋಗಬೇಕು. ಪೂಜೆಯಲ್ಲಿ ಶಾಂತಿ ಹಂಚಿಕೊಳ್ಳಿ ಅನ್ನುವ ಹೊತ್ತಿಗೆ ಎಲ್ಲರೂ ತಿರುಗಿ ಕೈ ಮುಗಿಯುತ್ತೇವೆ. ಅವನು ಮುಂದಿನ ಸಾಲಿನಿಂದ ತಿರುಗಿ ಮುಗಿಯುತ್ತಾನೆ. ನನ್ನ ಗಂಡ ಅಷ್ಟು ಹೊತ್ತಿಗೆ ಸರಿಯಾಗಿ ಫ್ಯಾನಿನ ಕಡೆ ತಿರುಗಿರುತ್ತಾರೆ. ಕಾಣಿಕೆ ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸರಿಮಾಡಿಕೋ ಅನ್ನುತ್ತದೆ ಮತ್ತಾಯನ ಐದನೇ ಅಧ್ಯಾಯ. ಹಾಗೆ ನಿಜವಾಗಿ ಮಾಡಲು ಹೊರಟರೆ ನಮ್ಮ ಇಗರ್ಜಿಯಲ್ಲಿ ಭಾನುವಾರ ಅರ್ಧ ಬೆಂಚು ಖಾಲಿ.

ಮಾಂಯ್ ಮಾಡಿದ್ದು ಬೇರೆ. ರಾತ್ರಿ ತೇರ್ಸ್, ಅಂದರೆ ಜಪಮಾಲೆ, ಮುಗಿದ ಮೇಲೆ ನಮ್ಮಲ್ಲಿ ಬೇಡಿಕೆಗಳ ಸಾಲು ಉಂಟು, ಒಂದೊಂದಕ್ಕೆ ಒಂದೊಂದು ಪರಲೋಕ ಪ್ರಾರ್ಥನೆ. ಮೊದಲು ಮಾವನ ಆತ್ಮಕ್ಕೆ. ಆಮೇಲೆ ಪೋಪರಿಗೆ. ಆಮೇಲೆ ಕುವೈತಿನಲ್ಲಿರುವ ಮೈದುನನಿಗೆ. ಅದರ ನಂತರ ಒಂದು ರಾತ್ರಿ ಇದ್ದಕ್ಕಿದ್ದಂತೆ, "ಆ ಮೇಲಿನ ಮನೆಯವನಿಗೆ." ಗಂಡ ಮೊಣಕಾಲಿನಿಂದ ಎದ್ದು ಹೊರಗೆ ಹೋದರು. ಮಾಂಯ್ ನಿಲ್ಲಿಸಲಿಲ್ಲ. ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳಲು ಮಕ್ಕಳು ಸಾಲಾಗಿ ನಿಂತ ಮೇಲೆ ಇವರೂ ಬಂದರು, ತಲೆ ಬಗ್ಗಿಸಿದರು. ಆಗ ಮಾಂಯ್ ಅಂದರು: "ನನಗೂ ಇಷ್ಟ ಇಲ್ಲ. ಯೇಸುಸ್ವಾಮಿ ಹೇಳಿದ್ದಾನೆ, ಮಾಡ್ತೇನೆ." ಅಲ್ಲಿಂದ ಇಲ್ಲಿವರೆಗೆ ಆ ಪ್ರಾರ್ಥನೆ ತಪ್ಪಿಲ್ಲ. ಅವನ ಹೆಸರು ಮಾತ್ರ ಅವರ ಬಾಯಲ್ಲಿ ಬಂದಿಲ್ಲ. ದನಿಯಂತೂ ಜಗಳಕ್ಕೆ ಕರೆದ ಹಾಗೇ ಇರುತ್ತದೆ.

ಮಂಗಳವಾರ ಅವನ ಹೆಂಡತಿ ಬಂದಳು. ಬೆಳಕು ಹರಿಯುವ ಮೊದಲೇ. ಗೇಟಿನ ಹೊರಗೆ, ನೀಲಿ ಪ್ಲಾಸ್ಟಿಕ್ ಕೊಡ ಸೊಂಟದಲ್ಲಿಟ್ಟು, ಒಳಗೆ ಬರುವುದೋ ಬೇಡವೋ ಅಂತ. ಬೋರ್ ಒಣಗಿದೆ, ಸ್ವಿಚ್ ಹಾಕಿದರೆ ಪೈಪಿನಲ್ಲಿ ಬರೀ ಗಾಳಿ ಬರುತ್ತದೆ, ಟ್ಯಾಂಕರಿಗೆ ಹೇಳಿದ್ದೇವೆ ಅಂದಳು. ಪಾಪದ ಹೆಂಗಸು. ಆ ಬೋರ್ ಹೊಡೆಸುವಾಗ ಅವಳನ್ನೂ ಯಾರೂ ಕೇಳಿರಲಿಕ್ಕಿಲ್ಲ. ನಾನು ಮಾಂಯ್ ಮುಖ ನೋಡಿದೆ. ಗಂಡ ಹಲ್ಲುಜ್ಜುವ ಬ್ರಶ್ ಬಾಯಲ್ಲೇ ಇಟ್ಟು ನಿಂತರು.

ಮಾಂಯ್ ಒಳಗೆ ಹೋದರು. ಬಾಗಿಲು ಹಾಕುತ್ತಾರೆ ಅಂದುಕೊಂಡೆ. ಹಳೇ ಸೀರೆಯ ತುಂಡೊಂದನ್ನು ಹಿಡಿದು ಬಂದರು. ನಮಗೆ ಕುಡಿಯುವ ನೀರು ಸೋಸಲು ಒಗೆದು ಮಡಿಸಿಟ್ಟ ಬಟ್ಟೆ ಅದು. ಅದನ್ನು ಎರಡು ಮಡಿ ಮಾಡಿ ಆ ನೀಲಿ ಕೊಡದ ಬಾಯಿಗೆ ಹಾಸಿದರು, ಮೂಲೆಗಳನ್ನು ಎಳೆದು ಬಾಳೆನಾರಿನಿಂದ ಬಿಗಿದರು, ಬೆರಳಿನಿಂದ ನಡುವೆ ಸ್ವಲ್ಪ ತಗ್ಗು ಮಾಡಿದರು. ಟಾಂಕಿಯಿಂದ ಚೆಂಬಿನಲ್ಲಿ ಮೊಗೆದು ಹೊಯ್ದರು. ಅಷ್ಟು ಹೊತ್ತೂ ಅವಳ ಮುಖ ನೋಡಲಿಲ್ಲ. ಕೊಡ ತುಂಬಿದ ಮೇಲೆ ಅಂದರು: "ಬೋರ್ ಹೊಡೆಸಿದ್ದು ತಪ್ಪೇ. ನೀರು ತಕೊಂಡು ಹೋಗು. ಮಧ್ಯಾಹ್ನ ಬಾ, ಆಗ ಇನ್ನಷ್ಟು ನಿಂತಿರುತ್ತದೆ."

ಅವಳು ಗೇಟು ದಾಟುವುದನ್ನೇ ಕಾಯುತ್ತಿದ್ದ ಗಂಡ ಬಾಯಿ ಬಿಟ್ಟರು. "ನಿನ್ನ ಪ್ರಾರ್ಥನೆ ಫಲಿಸಿತು ನೋಡು, ಬೋರ್ ಒಣಗಿತು."

"ಛೀ. ಹಾಗೆ ಬೇಡಿದ್ರೆ ಯಾವಾಗ್ಲೋ ಒಣಗ್ತಿತ್ತು."

"ಹಾಗಾದ್ರೆ ಕೋಪ ಹೋಯ್ತಾ?"

ಅದಕ್ಕೆ ಬಂದದ್ದೇ ನಾನು ಮೊದಲು ಹೇಳಿದ ಆ ಉತ್ತರ. ಗಂಡ ಸೋಲಲು ತಯಾರಿಲ್ಲ, ಪೌಲನನ್ನೇ ಕರೆದರು. ವೈರಿಗೆ ಬಾಯಾರಿದರೆ ಕುಡಿಯಲು ಕೊಡು, ಹಾಗೆ ಮಾಡಿದರೆ ಅವನ ತಲೆ ಮೇಲೆ ಕೆಂಡ ಸುರಿದಂತೆ ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಉಂಟಲ್ಲ, ಅದು. ಮಾಂಯ್ ಹುಲ್ಲಿನ ಕಟ್ಟು ಎತ್ತುತ್ತಾ, "ಹೊರುವವಳು ಆ ಹೆಂಗಸು. ಕೊಡದ ಮೇಲೆ ಕೆಂಡ ಬೇರೆ ಹೊರಬೇಕಾ?" ಅಂದರು.

ನನಗೆ ನಗು ಬಂತು, ನಿಜ. ಆದರೆ ನನ್ನನ್ನು ಅಲ್ಲಾಡಿಸಿದ್ದು ಅದರ ಹಿಂದಿನ ಆ ಕೋಪದ ಮಾತು. ಯಾಕೆಂದರೆ ನಮಗೆ ಕಲಿಸಿದ್ದೆಲ್ಲ ಇದರ ಉಲ್ಟಾ. ಮೊದಲು ಹೃದಯ ಬದಲಾಗಬೇಕು, ಒಳಗಿನ ಕಹಿ ಹೋಗಬೇಕು, ಆಮೇಲೆ ಒಳ್ಳೆಯ ಕೆಲಸ ತಾನಾಗಿ ಬರುತ್ತದೆ. ಹಿಂದೊಮ್ಮೆ ಒಂದು ಧ್ಯಾನಕೂಟಕ್ಕೆ ಹೋಗಿದ್ದೆ. ಕಣ್ಣು ಮುಚ್ಚಿ, ನಿಮಗೆ ನೋವು ಕೊಟ್ಟವರನ್ನು ನೆನೆಯಿರಿ, ಕ್ಷಮಿಸಿದವರು ಕೈ ಎತ್ತಿ ಅಂದರು ಪ್ರಸಂಗ ಮಾಡುವವರು. ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿತ್ತು. ಹಾಲ್ ತುಂಬ ಕೈ ಎದ್ದವು, ಅಳು ಕೇಳಿಸಿತು. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ, ಅಳು ನಿಜವೇ ಇತ್ತು. ಊಟದ ಸಾಲಿನಲ್ಲಿ ಮಾತ್ರ ಒಂದೇ ಮನೆಯ ಇಬ್ಬರು ಓರಗಿತ್ತಿಯರು ಒಬ್ಬರಿಗೊಬ್ಬರು ಮೀನಿನ ಬಟ್ಟಲು ದಾಟಿಸಲಿಲ್ಲ. ಅಲ್ಲಿ ಕ್ಷಮಿಸಿದವರಿಗೆ ಮರುದಿನ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಅತ್ತೆಗೆ ಆ ಕೈ ಎತ್ತುವುದು ಆಗುವ ಕೆಲಸವೇ ಅಲ್ಲ. ಬಟ್ಟಲು ದಾಟಿಸುವುದು ಆಗುತ್ತದೆ.

ಅವರನ್ನು ಸಂತಳು ಮಾಡಲು ಹೊರಟಿಲ್ಲ ಮಾರಾಯ್ರೆ. ನಮ್ಮ ಗಾಯನ ಮಂಡಳಿಯ ಬಗ್ಗೆ ಅವರು ಆಡುವ ಮಾತು ಇಲ್ಲಿ ಬರೆಯುವ ಹಾಗಿಲ್ಲ. ತೆಂಗಿನಕಾಯಿ ಲೆಕ್ಕ ಒಂದು ತಪ್ಪಿದರೆ ಕೆಲಸದವನಿಗೆ ವಾರ ಇಡೀ ಮಂತ್ರ. ಉಪವಾಸದ ಕಟ್ಟುಪಾಡು 18ರಿಂದ 59 ವರ್ಷದವರಿಗೆ ಮಾತ್ರ, ನಿಮಗೆ ಬೇಡ ಅಂತ ಫಾದರ್ ಹೇಳಿದರೂ ಕೇಳದೆ ತಪಸ್ಸು ಕಾಲದ ಮೊದಲ ದಿನ, ವಿಭೂತಿ ಬುಧವಾರ, ಉಪವಾಸ ಕೂತು, ಸಂಜೆ ತಲೆ ತಿರುಗುತ್ತದೆ ಅಂತ ನನ್ನ ಮೇಲೆ ಹರಿಹಾಯ್ದರು. ಈ ವರ್ಷ ತಪಸ್ಸು ಕಾಲವೂ ರಂಜಾನ್ ಉಪವಾಸವೂ ಒಂದೇ ವಾರ ಶುರುವಾಗಿದೆ. ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂರುವವಳು ಬೆಳಗಿನಿಂದ ಗುಟುಕು ನೀರು ಕುಡಿದಿರುವುದಿಲ್ಲ. ನಾವು ಶುಕ್ರವಾರ ಮೀನೂ ಬಿಟ್ಟೆವು ಅಂತ ಹೇಳಿಕೊಳ್ಳಲು ಅವಳೆದುರು ಸ್ವಲ್ಪ ನಾಚಿಕೆಯೇ ಆಗುತ್ತದೆ.

ಗಂಡನ ತಕರಾರು ಬೇರೆ. ಕೋಪ ಇಟ್ಟುಕೊಂಡು ನೀರು ಕೊಡುವುದು ಬೂಟಾಟಿಕೆ ಅಲ್ವಾ ಅಂತ. ಒಳ್ಳೆಯ ಮನುಷ್ಯ ಇವರು, ದೂರದವರನ್ನು ಯಾರನ್ನು ಬೇಕಾದರೂ ಕ್ಷಮಿಸುತ್ತಾರೆ. ಬೇಲಿಗೆ ತಾಗಿದವರದ್ದೇ ಕಷ್ಟ. ನಾನು ಹೇಳಿದೆ, ಇಲ್ಲದ್ದನ್ನು ತೋರಿಸಿದರೆ ಬೂಟಾಟಿಕೆ, ನಿಮ್ಮಮ್ಮ ಇದ್ದದ್ದನ್ನೇ ತೋರಿಸಿದರಲ್ಲ. ಬೋರ್ ತಪ್ಪು ಅಂತ ಮುಖಕ್ಕೇ ಹೇಳಿ ಕೊಡ ತುಂಬಿಸಿದರು. ಪರವಾಗಿಲ್ಲ, ಆದದ್ದು ಆಗಿಹೋಯ್ತು ಅಂತ ಹಲ್ಲು ಕಿರಿದಿದ್ದರೆ ಅದನ್ನು ಬೂಟಾಟಿಕೆ ಅನ್ನಬಹುದಿತ್ತು.

ಯೇಸು ಹೇಳಿದ ಇಬ್ಬರು ಮಕ್ಕಳ ಕಥೆ ಉಂಟಲ್ಲ. ತೋಟಕ್ಕೆ ಹೋಗಿ ಕೆಲಸ ಮಾಡು ಅಂದಾಗ ಒಬ್ಬ ಆಗಲಿ ಅಂದು ಹೋಗಲಿಲ್ಲ. ಇನ್ನೊಬ್ಬ ಆಗದು ಅಂದವನು ಆಮೇಲೆ ಮನಸ್ಸು ಬದಲಿಸಿ ಹೋದ. ತಂದೆಯ ಇಷ್ಟ ನಡೆಸಿದ್ದು ಎರಡನೆಯವನೇ. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಭಾನುವಾರದ ಧರ್ಮೋಪದೇಶ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಅವನು ತೋಟದಲ್ಲಿ ಗೊಣಗುತ್ತಾ ಅಗೆದನೋ ಹಾಡುತ್ತಾ ಅಗೆದನೋ ಅನ್ನುವುದು ಆ ಕಥೆಯಲ್ಲಿ ಇಲ್ಲವೇ ಇಲ್ಲ ಅಂತ ಈ ವಾರ ಹೊಳೆಯಿತು. ಗೊಣಗಿಯೇ ಇದ್ದಾನು ಅಂತ ನನ್ನ ಅಂದಾಜು.

ಬಿಕರ್ನಕಟ್ಟೆಯ ಬಾಲಯೇಸು ಮಂದಿರಕ್ಕೆ ಹೋದಾಗ ಕಾರ್ಮೆಲ್ ಸಭೆಯ ಸಂತ ತೆರೇಸಾಳ ವಿಷಯ ಕೇಳುತ್ತಿರುತ್ತೇವೆ. ಫ್ರಾನ್ಸಿನ ಲಿಸಿಯುವಿನವಳು, ಸತ್ತದ್ದು 1897ರಲ್ಲಿ, 24 ವರ್ಷಕ್ಕೆ. ಅವಳ ಮಠದಲ್ಲಿ ಒಬ್ಬ ಸಿಸ್ಟರ್ ಇದ್ದಳಂತೆ, ಅವಳ ನಡೆ, ಮಾತು, ಯಾವುದೂ ತೆರೇಸಾಳಿಗೆ ಸೇರುತ್ತಿರಲಿಲ್ಲ. ಎದುರಾದಾಗೆಲ್ಲ ಅವಳಿಗಾಗಿ ಪ್ರಾರ್ಥನೆ, ಒಂದು ನಗು, ಆದಷ್ಟು ಸಹಾಯ. ಕೊನೆಗೆ ಆ ಸಿಸ್ಟರೇ ಬಂದು, ನನ್ನಲ್ಲಿ ನಿನಗೆ ಅಷ್ಟು ಇಷ್ಟ ಆದದ್ದು ಏನು ಅಂತ ಕೇಳಿದಳಂತೆ. ಈ ಹುಡುಗಿಯನ್ನು ಆಮೇಲೆ ಸಂತಳೆಂದು ಸಾರಿದರು, 1997ರಲ್ಲಿ ಇಡೀ ಧರ್ಮಸಭೆಗೆ ಉಪದೇಶಕಿ ಅನ್ನುವ ಪದವಿಯನ್ನೂ ಕೊಟ್ಟರು. ಆ ನಗು ಮಾತ್ರ ನಮ್ಮ ಮಾಂಯ್ ಕೈಯಲ್ಲಿ ಆಗುವುದಿಲ್ಲ. ಮೇಲಿನ ಮನೆಯವನು ಎಂದಾದರೂ ಬಂದು, ನನ್ನನ್ನು ಕಂಡರೆ ನಿಮಗೆ ಯಾಕೆ ಅಷ್ಟು ಪ್ರೀತಿ ಅಂತ ಕೇಳುವ ಅಪಾಯವೂ ಇಲ್ಲ.

ಆದರೆ ದಿನಾ ರಾತ್ರಿ ಇಷ್ಟವಿಲ್ಲದೆ ಹೇಳಿದ ಆ ಪ್ರಾರ್ಥನೆ ಸುಮ್ನೆ ಹೋಯಿತಾ? ನನಗೆ ಹಾಗನ್ನಿಸುವುದಿಲ್ಲ. ಅವರ ಕೋಪ ಕರಗಿಲ್ಲ, ಅದನ್ನು ಅವರೇ ಹೇಳಿದ್ದಾರೆ. ಆದರೂ ಗೇಟಿನ ಹೊರಗೆ ಕೊಡ ಕಂಡಾಗ ಅವರಿಗೆ ಯೋಚಿಸಬೇಕಾಗಲಿಲ್ಲ. ಯೋಚಿಸಲು ನಿಂತವರು ನಾವಿಬ್ಬರು. ಬಟ್ಟೆ ಹುಡುಕಲು ಕಾಲು ತಾನಾಗಿ ಒಳಗೆ ಹೋಯಿತು. ನಂಬಿಕೆಯಲ್ಲಿ ಬೆಳೆಯುವುದು ಅಂದರೆ ಏನಂತ ಯಾರಾದರೂ ಕೇಳಿದರೆ ಹೋದ ವಾರದವರೆಗೆ ನಾನು ದಿನದ ವಾಚನ, ಜಪ, ಪಾಪನಿವೇದನೆ ಅಂತ ಪಟ್ಟಿ ಹೇಳುತ್ತಿದ್ದೆ. ಅವೂ ಬೇಕು. ಮಾಂಯ್ ಅವು ಯಾವುದನ್ನೂ ಬಿಟ್ಟವರಲ್ಲ. ಆದರೆ ಮನಸ್ಸು ಹದಕ್ಕೆ ಬರಲಿ ಅಂತ ಅವರು ಕಾಯಲಿಲ್ಲ. ಕಾದಿದ್ದರೆ ಈ ಬೇಸಿಗೆ ಮುಗಿಯುತ್ತಿತ್ತು, ಆ ಹೆಂಗಸು ಟ್ಯಾಂಕರಿಗೆ ದುಡ್ಡು ಕೊಟ್ಟು ಸೋಲುತ್ತಿದ್ದಳು.

ಈಗ ಅವಳು ಬೆಳಗ್ಗೆ, ಮಧ್ಯಾಹ್ನ ಎರಡು ಹೊತ್ತೂ ಬರುತ್ತಾಳೆ. ಗಂಡ ಗೊಣಗುತ್ತಲೇ ಟಾಂಕಿಯ ಹತ್ತಿರ ಒಂದು ಕಲ್ಲು ಹಾಕಿದ್ದಾರೆ, ಕೊಡ ಇಡಲು. ಮಾಂಯ್‌ಗೆ ನಿನ್ನೆಯಿಂದ ಹೊಸ ಸಿಟ್ಟು. ಅವನು ಯಾಕೆ ಬರುವುದಿಲ್ಲ, ಕೊಡ ಹೊರಲು ಅವನ ಕೈ ಮುರಿದಿದೆಯಾ, ಹೆಂಡತಿಯನ್ನು ಗುಡ್ಡ ಹತ್ತಿಸಿ ತಾನು ಮನೆಯಲ್ಲಿ ಟಿವಿ ನೋಡುತ್ತಾನಾ ಅಂತ. ನಾಳೆ ಅವನನ್ನೇ ಕಳಿಸಲು ಹೇಳು ಅಂತ ನನಗೆ ಅಪ್ಪಣೆಯಾಗಿದೆ.

"ಬಂದ್ರೆ ಒಳಗೆ ಕರೀತೀರಾ?" ಅಂತ ಕೇಳಿದೆ.

"ಅದು ಆಮೇಲೆ. ಮೊದಲು ದೊಡ್ಡ ಕೊಡ ತರ್ಲಿಕ್ಕೆ ಹೇಳು ಅವನತ್ರ."