ಇಗರ್ಜಿ (ಕಥೋಲಿಕ ಚರ್ಚ್) ಮದುವೆಗೆ ಮುಂಚೆ: ಕಾಗದಪತ್ರ ಮತ್ತು ಥರ್ಮಾಮೀಟರ್

ಮಂಗಳೂರಿನಲ್ಲಿ ಹಾಲ್ ಬುಕ್ ಮಾಡಿ, ರೋಸ್‌ಗೆ (ಮದುವೆಗೆ ಮುಂಚೆ ತೆಂಗಿನಹಾಲು ಹಚ್ಚುವ ಶಾಸ್ತ್ರ) ದಿನ ಗೊತ್ತುಮಾಡಿ, ಆಮೇಲೆ ಫಾದರ್ ಹತ್ತಿರ ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಜ್ಞಾನಸ್ನಾನದ (ಬ್ಯಾಪ್ಟಿಸಂ) ಪತ್ರ ತರಿಸಿ. ಅಲಮಾರಿಯಲ್ಲಿರುವ ಹಳೆಯದು ನಡೆಯದು. ಸಾಮಾನ್ಯವಾಗಿ ಆರು ತಿಂಗಳೊಳಗೆ ಬರೆಸಿದ್ದೇ ಬೇಕು. ಮದುವೆಯಾದದ್ದನ್ನು ಜ್ಞಾನಸ್ನಾನದ ಪುಸ್ತಕದಲ್ಲೇ ಬರೆದಿಡುತ್ತಾರೆ, ಮೊದಲೇ ಮದುವೆಯಾಗಿದ್ದರೆ ಹೊಸ ಪ್ರತಿಯಲ್ಲಿ ಅದು ಕಾಣುತ್ತದೆ. ಗಲ್ಫಿನಲ್ಲಿ ಜ್ಞಾನಸ್ನಾನ ಆದವರು ಅಲ್ಲಿನ ಚರ್ಚಿಗೇ ಬರೆಯಬೇಕು, ಬೇಗ ಶುರುಮಾಡಿ. ಸಂಗಾತಿ ಅನ್ಯಧರ್ಮದವರಾದರೆ ಬಿಷಪರ ವಿನಾಯಿತಿಯೂ ಬೇಕು.

ಮದುವೆ ತಯಾರಿ ಶಿಬಿರದಲ್ಲಿ ಸಹಜ ಕುಟುಂಬ ಯೋಜನೆಯ (ಔಷಧ, ಸಾಧನಗಳಿಲ್ಲದೆ ಗರ್ಭ ನಿಲ್ಲಬಹುದಾದ ದಿನಗಳನ್ನು ಗುರುತಿಸುವ ವಿಧಾನ) ಪಾಠ ಬಂದಾಗ ಹಲವರು ಮೊಬೈಲ್ ತೆಗೆಯುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. ಅದು ಕೇವಲ ಉಪದೇಶವಲ್ಲ, ಶರೀರಶಾಸ್ತ್ರ. ಅಂಡೋತ್ಪತ್ತಿಯ (ಅಂಡಾಶಯದಿಂದ ಅಂಡ ಹೊರಬರುವುದು) ನಂತರ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನಿಂದ ಮೈಶಾಖ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ, ಒಂದೇ ಹೊತ್ತಿಗೆ, ಎರಡು ದಶಮಾಂಶ ತೋರಿಸುವ ಥರ್ಮಾಮೀಟರಿನಲ್ಲಿ ನೋಡಿ ಬರೆಯಬೇಕು. ಹಿಂದಿನ ಆರು ದಿನಗಳಿಗಿಂತ ಹೆಚ್ಚಿನ ಅಂಕಿ ಸತತ ಮೂರು ದಿನ ನಿಲ್ಲಬೇಕು, ಆಗ ಅಂಡೋತ್ಪತ್ತಿ ಆಗಿಹೋಗಿದೆ ಎಂದರ್ಥ. ಎದ್ದು ಕಾಫಿ ಕುಡಿದು ನೋಡಿದರೆ, ಜ್ವರವಿದ್ದರೆ, ರಾತ್ರಿ ಪಾಳಿಯಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಯೋನಿಯ ಲೋಳೆಸ್ರಾವದ ಬದಲಾವಣೆಯನ್ನೂ ಜೊತೆಗೇ ಗಮನಿಸಬೇಕು. ಶಿಕ್ಷಕಿಯೊಬ್ಬರ ಬಳಿ ಕಲಿಯದೆ ಬರೀ ಆ್ಯಪ್ ನಂಬಬೇಡಿ.

 

ಇನ್ನೊಂದು ಮಾತು. ವಿವಾಹವನ್ನು ಉಂಟುಮಾಡುವುದು ಇಬ್ಬರ ಸ್ವಂತ ಒಪ್ಪಿಗೆ. ಹೆದರಿಸಿ ಪಡೆದ ಒಪ್ಪಿಗೆಯಿಂದ ಆದದ್ದು ಚರ್ಚ್ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಫಾದರ್ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳುವುದು ಅದಕ್ಕೇ. ಅಲ್ಲಿ ಅಮ್ಮನ ಮುಖ ನೋಡದೆ ಉತ್ತರಿಸಿ.